ಸ್ಟಿಕ್ ಹುಟ್ಟಿದ್ದು ಅಂಗಡಿಯವನಿಗಾಗಿ

ಫೈಟಿಂಗ್ ಗೇಮ್ ಆಡೋಕೆ ಶುರು ಮಾಡಿದವರು ಮೊದಲ ತಿಂಗಳು ಮುಗಿಯುವ ಮೊದಲೇ ಒಂದು ಪ್ರಶ್ನೆ ಕೇಳ್ತಾರೆ: ಕಡಿಮೆ ರೇಟಲ್ಲಿ ಒಳ್ಳೇ ಆರ್ಕೇಡ್ ಸ್ಟಿಕ್ ಯಾವುದು? ಇದಕ್ಕೆ ಉತ್ತರವಾಗಿ ನಾಲ್ಕು ಕಂಪನಿಗಳ ಹೆಸರು ಹೇಳಿ ಸುಮ್ಮನಾಗಬಹುದು. ಆದರೆ ಮುಂದಿನ ವರ್ಷ ಆ ಮಾಡೆಲ್‌ಗಳೇ ಇರಲ್ಲ, ಹೊಸವು ಬಂದಿರುತ್ತವೆ. ಬದಲಾಗದೆ ಉಳಿಯುವುದು ಈ ವಸ್ತುವಿನ ಇತಿಹಾಸ ಮಾತ್ರ. ಅದನ್ನು ತಿಳಿದುಕೊಂಡರೆ ಅಂಗಡಿಯಲ್ಲಿ ಯಾವ ಡಬ್ಬಿಯನ್ನು ತಿರುಗಿಸಿ ನೋಡಬೇಕು, ಯಾವುದನ್ನು ಮುಟ್ಟಲೇಬಾರದು ಅನ್ನೋದು ತಾನಾಗಿಯೇ ಗೊತ್ತಾಗುತ್ತೆ.

ಇತಿಹಾಸದ ಸಾರವನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡ್ತೀನಿ. ಆರ್ಕೇಡ್ ಸ್ಟಿಕ್ ಹುಟ್ಟಿದ್ದು ಆಟಗಾರನಿಗಾಗಿ ಅಲ್ಲ, ಅಂಗಡಿಯವನಿಗಾಗಿ.

1972ರಲ್ಲಿ ಅಟಾರಿ ಕಂಪನಿಯ ‘ಪಾಂಗ್’ ಬಂದಾಗ ಸ್ಟಿಕ್ಕೇ ಇರಲಿಲ್ಲ, ತಿರುಗಿಸುವ ಎರಡು ಗುಂಡಿ ಇದ್ದವು ಅಷ್ಟೇ. ಕ್ಯಾಲಿಫೋರ್ನಿಯಾದ ಒಂದು ಬಾರಿನಲ್ಲಿಟ್ಟ ಮೊದಲ ಯಂತ್ರ ಕೆಲವೇ ದಿನದಲ್ಲಿ ಕೆಟ್ಟಿತು ಅಂತ ಫೋನ್ ಬಂತಂತೆ. ಹೋಗಿ ತೆರೆದು ನೋಡಿದರೆ ನಾಣ್ಯದ ಡಬ್ಬಿ ತುಂಬಿ ತುಳುಕುತ್ತಿತ್ತು. ಈ ಉದ್ಯಮದ ಸ್ವಭಾವ ಆವತ್ತೇ ನಿಗದಿಯಾಯಿತು: ಯಂತ್ರ ನಡೀತಿದ್ದರೆ ದುಡ್ಡು, ನಿಂತರೆ ನಷ್ಟ. 1980ರ ‘ಪ್ಯಾಕ್-ಮ್ಯಾನ್’ಗೆ ನಾಲ್ಕು ದಿಕ್ಕಿನ ಒಂದೇ ಒಂದು ಸ್ಟಿಕ್ ಸಾಕಾಯಿತು, ಬಟನ್ನೂ ಬೇಕಾಗಲಿಲ್ಲ. ದಿನವಿಡೀ ನೂರಾರು ಜನ ಎಳೆದಾಡುವ ವಸ್ತು ಹೇಗಿರಬೇಕು? ದಪ್ಪ ಇರಬೇಕು, ಗಟ್ಟಿ ಇರಬೇಕು, ಕೆಟ್ಟರೆ ಹತ್ತು ನಿಮಿಷದಲ್ಲಿ ಬಿಚ್ಚಿ ಬದಲಾಯಿಸುವಂತಿರಬೇಕು. ಕೈಗೆ ಹಿತವಾಗಿದೆಯಾ ಅನ್ನೋದು ಆಮೇಲಿನ ಮಾತು.

ಇದಕ್ಕೆ ಒಳ್ಳೆಯ ಉದಾಹರಣೆ 1987ರ ಮೊದಲ ‘ಸ್ಟ್ರೀಟ್ ಫೈಟರ್’. ಜಪಾನಿನ ಕ್ಯಾಪ್‌ಕಾಮ್ ಆ ಯಂತ್ರಕ್ಕೆ ಎರಡು ದೊಡ್ಡ ರಬ್ಬರ್ ಪ್ಯಾಡ್ ಹಾಕಿತ್ತು. ಎಷ್ಟು ಜೋರಾಗಿ ಗುದ್ದುತ್ತೀರೋ ಅಷ್ಟು ಜೋರಿನ ಏಟು ತೆರೆಯ ಮೇಲೆ. ಕೇಳೋಕೆ ಮಜಾ ಅನ್ಸುತ್ತೆ. ಆದರೆ ಜನ ಗುದ್ದಿ ಗುದ್ದಿ ಸುಸ್ತಾದರು, ಪ್ಯಾಡ್‌ಗಳೂ ಹಾಳಾದವು. ಅದೇ ಆಟದ ಇನ್ನೊಂದು ರೂಪದಲ್ಲಿ ಪ್ಯಾಡ್ ತೆಗೆದು ಆರು ಸಣ್ಣ ಬಟನ್ ಕೂರಿಸಿದರು: ಮೂರು ಗುದ್ದಿಗೆ, ಮೂರು ಒದೆತಕ್ಕೆ. 1991ರ ‘ಸ್ಟ್ರೀಟ್ ಫೈಟರ್ 2’ ಅದೇ ಆರು ಬಟನ್ ಇಟ್ಟುಕೊಂಡು ಜಗತ್ತನ್ನೇ ಗೆದ್ದಿತು. ಇವತ್ತಿಗೂ ನಾವು ಯಾವುದನ್ನು ‘ಅಸಲಿ ಲೇಔಟ್’ ಅಂತ ಪೂಜೆ ಮಾಡ್ತೀವೋ, ಅದರ ಮೂಲ ಒಂದು ರಿಪೇರಿ ಸಮಸ್ಯೆ!

ಸ್ಟಿಕ್ ಒಳಗಿರುವುದೂ ಸರಳ. ಕೋಲಿನ ಬುಡದ ಸುತ್ತ ನಾಲ್ಕು ಮೈಕ್ರೋ ಸ್ವಿಚ್. ಕೆಳಗೆ ಎಳೆದರೆ ಒಂದು ಟಕ್ ಅನ್ನುತ್ತೆ, ಮುಂದಕ್ಕೆ ತಳ್ಳಿದರೆ ಇನ್ನೊಂದು, ಮೂಲೆಗೆ ಹೋದರೆ ಎರಡೂ ಒಟ್ಟಿಗೆ. ಕೆಳಗೆ, ಕೆಳಮೂಲೆ, ಮುಂದೆ ಅಂತ ಕಾಲು ಸುತ್ತು ತಿರುಗಿಸಿ ಗುದ್ದಿನ ಬಟನ್ ಒತ್ತಿದರೆ ರ‍್ಯೂ ಕೈಯಿಂದ ಬೆಂಕಿ ಉಂಡೆ ಹೊರಡುತ್ತೆ. ಕೋಲು ಎಲ್ಲಿಯವರೆಗೆ ಹೋಗಬೇಕು ಅಂತ ತಡೆಯುವ ಪ್ಲಾಸ್ಟಿಕ್ ಚೌಕಟ್ಟಿಗೆ ಗೇಟ್ ಅಂತಾರೆ. ಜಪಾನಿ ಸ್ಟಿಕ್‌ಗಳಲ್ಲಿ ಅದು ಸಾಮಾನ್ಯವಾಗಿ ಚೌಕ, ಮೇಲೆ ಗುಂಡು ತಲೆ. ಅಮೆರಿಕದ್ದಕ್ಕೆ ಬ್ಯಾಟಿನ ಹಿಡಿಯಂಥ ಉದ್ದ ತಲೆ. ಕೊರಿಯಾದವರು ಸ್ಪ್ರಿಂಗ್ ಬದಲು ರಬ್ಬರ್ ಹಾಕಿದರು, ‘ಟೆಕ್ಕನ್’ ಆಡುವವರು ಅದನ್ನ ಬಿಟ್ಟುಕೊಡಲ್ಲ.

ಈಗ ನಮ್ಮ ಕಡೆ ಬರೋಣ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ. ಬೆಂಗಳೂರಿನ ಗೆಳೆಯರಿಗೆ ಇವು ರೈಲ್ವೆ ಟೈಂಟೇಬಲ್‌ನ ಹೆಸರುಗಳು, ಚಿಂಚೋಳಿ ಅದರಲ್ಲೂ ಇಲ್ಲ. ಮುಂಬೈ–ಚೆನ್ನೈ ಮಾರ್ಗದಲ್ಲಿರುವ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ, ಚಿತ್ತಾಪುರ ಮತ್ತು ಸೇಡಂ ಮೇಲೆ ಹಾದು. ನೆಲದ ಕೆಳಗೆ ಸುಣ್ಣದ ಕಲ್ಲು, ಪಕ್ಕದಲ್ಲೇ ರೈಲು. ಹಾಗಾಗಿ ಶಹಾಬಾದಿಗೆ ನಿಜಾಮರ ಕಾಲದಲ್ಲೇ ಸಿಮೆಂಟ್ ಫ್ಯಾಕ್ಟರಿ ಬಂತು, ಆಮೇಲೆ ವಾಡಿ, ಮಳಖೇಡ, ಸೇಡಂ. ಫ್ಯಾಕ್ಟರಿ ಜೊತೆ ಕಾಲೊನಿ, ಶಿಫ್ಟ್ ಡ್ಯೂಟಿ, ತಿಂಗಳ ಸಂಬಳ, ನಾಲ್ಕು ರಾಜ್ಯದ ಜನ, ಮತ್ತು ಓಣಿಗೊಂದು ವೆಲ್ಡಿಂಗ್ ಅಂಗಡಿ, ಲೇಥ್ ಮಿಷನ್. ಮಾನ್ಯಖೇಟದಿಂದ ರಾಷ್ಟ್ರಕೂಟರು ಆಳಿದ ನೆಲ ಇದು ಅಂತ ಶಾಲೆಯಲ್ಲಿ ಓದಿದೆವು. ಆದರೆ ನಮ್ಮ ಕಣ್ಣಿಗೆ ಕಂಡ ಸಾಮ್ರಾಜ್ಯ ಅಂದ್ರೆ ಸಿಮೆಂಟಿನದೇ.

ತೊಂಬತ್ತರ ದಶಕದಲ್ಲಿ ಭಾರತದ ಊರೂರಿಗೆ ಬಂದ ವಿಡಿಯೊ ಗೇಮ್ ಅಂಗಡಿಗಳನ್ನು ಆಳಿದ್ದು ಮುಖ್ಯವಾಗಿ ಎರಡು ಆಟ. ಒಂದು, ಕ್ಯಾಪ್‌ಕಾಮ್‌ನ 1993ರ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಆ ಹೆಸರು ಯಾರ ಬಾಯಲ್ಲೂ ತಿರುಗಲಿಲ್ಲ. ಅದರಲ್ಲಿದ್ದ ಹಳದಿ ಟೋಪಿಯ ಮುಸ್ತಫಾನ ಹೆಸರೇ ಆಟದ ಹೆಸರಾಯಿತು. ಇನ್ನೊಂದು, ಎಸ್‌ಎನ್‌ಕೆ ಕಂಪನಿಯ ‘ಕಿಂಗ್ ಆಫ್ ಫೈಟರ್ಸ್ 97’. ಇದು ಅಷ್ಟು ಹರಡಿದ್ದಕ್ಕೂ ಅಂಗಡಿಯವನ ಲೆಕ್ಕಾಚಾರವೇ ಒಂದು ಕಾರಣ. ಎಸ್‌ಎನ್‌ಕೆ 1990ರಲ್ಲಿ ತಂದ ನಿಯೋ ಜಿಯೋ ಯಂತ್ರದಲ್ಲಿ ಆಟ ಬದಲಾಯಿಸಲು ಇಡೀ ಪೆಟ್ಟಿಗೆ ಕೊಳ್ಳಬೇಕಿರಲಿಲ್ಲ, ಕ್ಯಾಸೆಟ್ ಬದಲಿಸಿದರೆ ಸಾಕಿತ್ತು. ಅದರ ಮನೆ ಆವೃತ್ತಿಯ ಜೊತೆ ಕಂಟ್ರೋಲರ್ ಅಂತ ಕೊಟ್ಟಿದ್ದೇ ಒಂದು ಆರ್ಕೇಡ್ ಸ್ಟಿಕ್.

ನಾನು ಆಡಿ ಬೆಳೆದ ಸ್ಟಿಕ್‌ಗೆ ಕಂಪನಿಯ ಗುಂಡು ಇರಲಿಲ್ಲ. ಯಾವತ್ತೋ ಕಿತ್ತು ಹೋಗಿತ್ತು. ಲೇಥ್‌ನಲ್ಲಿ ತಿರುವಿದ ಬಿಳಿ ನೈಲಾನ್ ಉಂಡೆ ಕೂರಿಸಿದ್ದರು. ಬಟನ್ನುಗಳು ಮೂರು ಬಣ್ಣದವು. ‘ಕೆಳಗಿನ ಸ್ವಿಚ್ ಹಿಡೀಲತ್ತದ ಕಾಕಾ’ ಅಂದರೆ ಅಂಗಡಿ ಕಾಕಾ ಸ್ಕ್ರೂಡ್ರೈವರ್ ತಂದು, ಪಟ್ಟಿ ಎತ್ತಿ, ಸ್ವಿಚ್ ಬದಲಿಸಿ, ನಮ್ಮ ಆಟದ ಟೈಮ್ ಮತ್ತೆ ಶುರು ಮಾಡುತ್ತಿದ್ದರು. ಯಾವ ಹುಡುಗನೂ ‘ಈ ಸ್ಟಿಕ್ ಸರಿಯಿಲ್ಲ, ಅದಕ್ಕೇ ಸೋತೆ’ ಅಂತ ಹೇಳಿ ಬಚಾವಾಗುವಂತಿರಲಿಲ್ಲ. ಯಾಕಂದ್ರೆ ಗೆದ್ದವನೂ ಅದೇ ಪಟ್ಟಿಯ ಮೇಲೆ, ಮೊಣಕೈಗೆ ಮೊಣಕೈ ತಾಗಿಸಿ ಆಡಿರುತ್ತಿದ್ದ.

ಅಂಗಡಿಗಳು ಮುಚ್ಚಿದ ಮೇಲೆ ಸ್ಟಿಕ್ ಮನೆಗೆ ಬಂತು. 2009ರಲ್ಲಿ ‘ಸ್ಟ್ರೀಟ್ ಫೈಟರ್ 4’ ಮನೆಯ ಕನ್ಸೋಲ್‌ಗೆ ಬಂದಾಗ ಮ್ಯಾಡ್ ಕ್ಯಾಟ್ಜ್ ಎಂಬ ಕಂಪನಿ, ಜಪಾನಿನ ಸಾನ್ವಾ ಸ್ಟಿಕ್ ಮತ್ತು ಬಟನ್ ಹಾಕಿದ ಪೆಟ್ಟಿಗೆಯನ್ನು ಸುಮಾರು 150 ಡಾಲರ್‌ಗೆ ಮಾರಿತು. ಜನ ಮುಗಿಬಿದ್ದರು. ಗಂಭೀರ ಆಟಗಾರ ಅಂದ್ರೆ ದುಬಾರಿ ಸ್ಟಿಕ್ ಅನ್ನೋ ನಂಬಿಕೆ ಬಲವಾದದ್ದು ಆಗ. ಅದನ್ನು ಅಲುಗಾಡಿಸಿದ್ದು 2014. ಲಾಸ್ ವೇಗಸ್‌ನ ಇವೊ ಟೂರ್ನಮೆಂಟ್‌ನಲ್ಲಿ ‘ಅಲ್ಟ್ರಾ ಸ್ಟ್ರೀಟ್ ಫೈಟರ್ 4’ ಗೆದ್ದ ಫ್ರಾನ್ಸಿನ ಲಫಿ ಆಡಿದ್ದು ಮೊದಲ ಪ್ಲೇಸ್ಟೇಷನ್‌ನ ಹಳೇ ಕಂಟ್ರೋಲರ್ ಹಿಡಿದು. ಸ್ಟಿಕ್ ಮಾರಿದ ಮ್ಯಾಡ್ ಕ್ಯಾಟ್ಜ್ 2017ರಲ್ಲಿ ದಿವಾಳಿಯಾಯಿತು.

ಇಷ್ಟೆಲ್ಲ ನಾನು ಮೊದಲು ಹೇಳಿದ್ದು ಚಿಂಚೋಳಿಯ ನಮ್ಮ ಚಿಕ್ಕಪ್ಪನ ಮಗನಿಗೆ. ಹೊಸದಾಗಿ ಕೆಲಸಕ್ಕೆ ಸೇರಿದಾನೆ, ಬೆಂಗಳೂರಲ್ಲಿ ಪಿಜಿ. ಬಾಡಿಗೆ ಕಟ್ಟಿ, ಮನೆಗೆ ಕಳಿಸಿ, ಉಳಿಯೋದು ಸ್ವಲ್ಪ. ಅಂಥವನು 20,000 ರೂಪಾಯಿಯ ಸ್ಟಿಕ್ಕನ್ನು ಇಎಂಐ ಮೇಲೆ ತಗೊಳ್ಳೋಕೆ ಹೊರಟಿದ್ದ.

‘ಅಣ್ಣಾ, ಛಲೋದು ತಗೊಂಡ್ರ ಲಗೂನ ಕಲೀತೀವಿ ಅಂತಾರಲ್ಲ?’

‘ಯಾರ್ ಅಂತಾರೋ ತಮ್ಮಾ? ಮಾರೋರು ಅಂತಾರ. ನಿನ್ ರೊಕ್ಕ ಎಷ್ಟದ ಅದು ಹೇಳು.’

‘5,000 ಅದ.’

ಆ 5,000ಕ್ಕೆ ಇತಿಹಾಸ ಏನು ಹೇಳುತ್ತೆ ನೋಡೋಣ.

ಮೊದಲನೆಯದು, ಒಂದು ತಿಂಗಳು ಏನೂ ಕೊಳ್ಳಬೇಡಿ. ಮನೆಯಲ್ಲಿರುವ ಕಂಟ್ರೋಲರ್ ಅಥವಾ ಕೀಬೋರ್ಡಿನಲ್ಲೇ ಆಡಿ. ಈಗ ದೊಡ್ಡ ಆಟಗಾರರು ಕೋಲೇ ಇಲ್ಲದ, ಬರೀ ಬಟನ್ನಿನ ಪೆಟ್ಟಿಗೆಗಳಿಗೆ ಹೋಗ್ತಿದಾರೆ. ಕೀಬೋರ್ಡ್ ಅದರ ಬಡ ಅಣ್ಣ. 2023ರ ‘ಸ್ಟ್ರೀಟ್ ಫೈಟರ್ 6’ರಲ್ಲಂತೂ ಹೊಸಬರಿಗಾಗಿಯೇ ‘ಮಾಡರ್ನ್’ ಅನ್ನೋ ವಿಧಾನ ಇದೆ, ಬೆಂಕಿ ಉಂಡೆಗೆ ಒಂದು ಬಟನ್ ಸಾಕು. ತಿಂಗಳಾದ ಮೇಲೂ ಸ್ಟಿಕ್ ಬೇಕು ಅನಿಸಿದರೆ ಮುಂದಕ್ಕೆ ಹೋಗಿ.

ಎರಡನೆಯದು, ಅಂಗಡಿ ಕಾಕಾನ ಹಾಗೆ ನೋಡಿ: ಇದನ್ನು ತೆರೆಯಬಹುದಾ? ಕೆಳಗೆ ಸ್ಕ್ರೂ ಇದೆಯಾ? ಬಟನ್ ತೂತು 30 ಮಿಲಿಮೀಟರ್ ಇದೆಯಾ? ಸಾನ್ವಾ ಜೆಎಲ್‌ಎಫ್ ಸ್ಟಿಕ್ ಕೂರುವ ಜಾಗ, ಐದು ಪಿನ್ನಿನ ಕನೆಕ್ಟರ್ ಇದೆಯಾ? ಮೇಫ್ಲಾಶ್ ಎಫ್300ನಂಥ ಅಗ್ಗದ ಪೆಟ್ಟಿಗೆಗಳು ಹೊಸಬರಿಗೆ ಒಗ್ಗಿದ್ದು ಇದಕ್ಕೇ. ಒಳಗಿನ ಭಾಗ ಸಾಧಾರಣ, ಆದರೆ ಒಂದೊಂದಾಗಿ ಬದಲಾಯಿಸಬಹುದು. ಈ ತಿಂಗಳು ಪೆಟ್ಟಿಗೆ, ಮುಂದಿನ ದೀಪಾವಳಿಗೆ ಕೋಲು. ತಮ್ಮದೇ ಅಳತೆಯ ಪುಟಾಣಿ ಬಟನ್ ಇರುವ ಆಟಿಕೆಯಂಥ ಸ್ಟಿಕ್‌ಗಳನ್ನು ಬಿಡಿ. ಕೆಟ್ಟ ದಿನ ಅದು ಕಸ. ಚಿಂಚೋಳಿಯಿಂದ ಕೊರಿಯರ್ ಮಾಡಿ ವಾರಂಟಿ ಕೇಳುವ ಹೊತ್ತಿಗೆ ಆಸಕ್ತಿಯೇ ಹೋಗಿರುತ್ತೆ.

ಮೂರನೆಯದು, ಯಾವ ಯಂತ್ರಕ್ಕೆ ಹಾಕ್ತೀರಿ ಅನ್ನೋದನ್ನ ಮೊದಲು ನಿರ್ಧರಿಸಿ. ಪಿಸಿಗೆ ಬಹುತೇಕ ಎಲ್ಲವೂ ಕೂರುತ್ತವೆ. ಪಿಎಸ್5ರ ಆಟಗಳು ಸಿಕ್ಕ ಸಿಕ್ಕ ಅಗ್ಗದ ಸ್ಟಿಕ್ಕನ್ನು ಒಪ್ಪಲ್ಲ. ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಆಗಲ್ಲ ಅಂತಲೇ ತಿಳಿಯಿರಿ.

ನಾಲ್ಕನೆಯದು, ‘ಲ್ಯಾಗ್’ ಎಂಬ ಭೂತ. ಈ ಆಟಗಳು ಸೆಕೆಂಡಿಗೆ 60 ಫ್ರೇಮ್ ಓಡುತ್ತವೆ, ಒಂದು ಫ್ರೇಮ್ ಅಂದ್ರೆ ಸುಮಾರು 16.7 ಮಿಲಿಸೆಕೆಂಡ್. ‘ಝೀರೋ ಡಿಲೇ’ ಅಂತ ಹೆಸರಿಟ್ಟು ಮಾರುವ ಅಗ್ಗದ ಬೋರ್ಡುಗಳಲ್ಲೂ ಸ್ವಲ್ಪ ತಡ ಇದ್ದೇ ಇರುತ್ತೆ. ಆದರೆ ಎದುರಾಳಿ ಹಾರಿ ಬಂದಾಗ ಏನು ಮಾಡಬೇಕು ಅಂತಲೇ ಗೊತ್ತಿಲ್ಲದ ಹಂತದಲ್ಲಿ ನಾವು ಸೋಲುವುದು ಅದರಿಂದಲ್ಲ. ಬೆಸುಗೆ ಹಾಕೋಕೆ ಬರುತ್ತೆ ಅನ್ನೋರಿಗೆ ಇನ್ನೊಂದು ದಾರಿ ಇದೆ. 2021ರಲ್ಲಿ 4 ಡಾಲರ್‌ಗೆ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡಿಗೆ ಜಿಪಿ2040-ಸಿಇ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದರೆ ಚುರುಕಾದ ಕಂಟ್ರೋಲರ್ ಸಿದ್ಧ. ಎಸ್‌ಪಿ ರೋಡಿನಲ್ಲೋ ಹೈದರಾಬಾದಿನ ಕೋಠಿಯಲ್ಲೋ ಒಂದು ಮಧ್ಯಾಹ್ನ ಸುತ್ತಿದರೆ ತಂತಿ, ಸ್ವಿಚ್ಚು ಎಲ್ಲ ಸಿಗುತ್ತೆ.

ಐದನೆಯದು, ತೂಕ. ಆರ್ಕೇಡ್ ಯಂತ್ರ ಅಲುಗಾಡುತ್ತಿರಲಿಲ್ಲ. ಅಗ್ಗದ ಸ್ಟಿಕ್ ಹಗುರ, ಜೋರಾಗಿ ಎಳೆದರೆ ತೊಡೆಯಿಂದ ಜಾರುತ್ತೆ. ಇದಕ್ಕೆ ನಮ್ಮ ಜಿಲ್ಲೆಯ ಪರಿಹಾರ ಗಟ್ಟಿ ಇದೆ: ಶಹಾಬಾದ್ ಪರಸಿ. ನೆಲಕ್ಕೆ ಹಾಕಿ ಉಳಿದ ಒಂದು ತುಂಡನ್ನು ಅಳತೆಗೆ ಕೊಯ್ಸಿ ತಳಕ್ಕೆ ಅಂಟಿಸಿ, ಅದರ ಕೆಳಗೆ ರಬ್ಬರ್ ಹಾಳೆ. ಕಮ್ಮಿ ಖರ್ಚು, ಸ್ಟಿಕ್ ಜಪ್ಪಯ್ಯ ಅಂದ್ರೂ ಕದಲಲ್ಲ.

ಹುಡುಗ ಎಲ್ಲ ಕೇಳಿ ಒಂದು ಮಾತು ಅಂದ: ‘ಆದ್ರ ಅಣ್ಣಾ, ಆಡಲಾಕ ಎದುರಿಗಿ ಯಾರದಾರ?’ ಇಷ್ಟೊತ್ತು ನಾನು ಹೇಳಿದ ಇತಿಹಾಸದಲ್ಲಿ ಬಿಟ್ಟುಹೋಗಿದ್ದು ಇದೇ. ಅಂಗಡಿಯ ಸ್ಟಿಕ್ ಅಗ್ಗವಾಗಿ ಸಿಕ್ಕಿದ್ದು ಅದರ ಬೆಲೆ ಕಮ್ಮಿ ಇತ್ತು ಅಂತಲ್ಲ. ಆ ಬೆಲೆಯನ್ನು ಊರಿನ ಹುಡುಗರೆಲ್ಲ ಒಂದೊಂದು ರೂಪಾಯಿಯಂತೆ ಹಂಚಿಕೊಂಡಿದ್ದರು, ಜೊತೆಗೆ ಎದುರಾಳಿಯೂ ಸಿಗುತ್ತಿದ್ದ. ಮನೆಗೆ ಬಂದ ಸ್ಟಿಕ್ ಪೂರ್ತಿ ಖರ್ಚನ್ನು ಒಬ್ಬನ ತಲೆಗೆ ಕಟ್ಟಿತು, ಎದುರಾಳಿಯನ್ನು ಇಂಟರ್ನೆಟ್ಟಿನ ಆಚೆ ದಡಕ್ಕೆ ಕಳಿಸಿತು.

ಅವನ ಪಿಜಿಯಲ್ಲೇ ಸೇಡಂನವನೊಬ್ಬ, ವಾಡಿಯವರಿಬ್ಬರು ಇದ್ದಾರೆ. ನಾಲ್ಕೂ ಜನ ರೊಕ್ಕ ಕೂಡಿಸಿ, ಬಿಚ್ಚಿ ಜೋಡಿಸಬಹುದಾದ ಎರಡು ಸಾಧಾರಣ ಸ್ಟಿಕ್ ತಗೊಂಡರು. ತಲೆಗೆ ಬಿದ್ದದ್ದು 5,000ಕ್ಕಿಂತ ಕಮ್ಮಿ. ಇಎಂಐ ಇಲ್ಲ. ಶನಿವಾರ ರಾತ್ರಿ ಒಂದೇ ಲ್ಯಾಪ್‌ಟಾಪಿನ ಮುಂದೆ ನಾಲ್ವರು, ಸೋತವನು ಎದ್ದು ಜಾಗ ಬಿಡಬೇಕು. ಹೋದ ವಾರ ಒಂದು ಸ್ಟಿಕ್ಕಿನ ಕೆಳಗಿನ ಸ್ವಿಚ್ ಹೋಯಿತಂತೆ. ವಾಡಿ ಹುಡುಗ ಸ್ಕ್ರೂಡ್ರೈವರ್ ತಗೊಂಡು ಕೂತು, ಹೊಸ ಸ್ವಿಚ್ ಹಾಕಿ, ಅರ್ಧ ಗಂಟೆಯಲ್ಲಿ ಮತ್ತೆ ಆಟ ಶುರು ಮಾಡಿಸಿದ.