‘ಹಿಂದೂ’ ಆಗಿದ್ದಾಗ ಆಡಬಹುದಿತ್ತು

 

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಪ್ರತಿ ವರ್ಷ ಒಂದು ಜಗಳ ಇದ್ದೇ ಇರುತ್ತೆ. ಕ್ವಾರ್ಟರ್‌ಬ್ಯಾಕ್‌ನ ಬದಲಾಯಿಸಬೇಕಾ, ಬೇಡ್ವಾ? ಚೆಂಡು ಯಾರಿಗೆ ಎಸೀಬೇಕು ಅಂತ ತೀರ್ಮಾನ ಮಾಡಿ ಆಟ ನಡೆಸೋನು ಅವನೇ. ಮೆರಿಟ್ ನೋಡಿಯೇ ಆರಿಸ್ತೀವಿ ಅಂತಾರೆ. 1937ರಲ್ಲಿ ಏನಾಯ್ತು ಅಂತ ಕೇಳಿ.

ವಿಲ್ಮೆತ್ ಸಿದತ್ ಸಿಂಗ್ ವಾಷಿಂಗ್ಟನ್ನಿನ ಕಪ್ಪು ದಂಪತಿಯ ಮಗ. ತಂದೆ ತೀರಿಕೊಂಡ ಮೇಲೆ ತಾಯಿ ಭಾರತ ಮೂಲದ ವೈದ್ಯರೊಬ್ಬರನ್ನ ಮದುವೆಯಾದರು. ಅವರ ಹೆಸರೇ ಹುಡುಗನಿಗೂ ಬಂತು. ಹಾರ್ಲೆಂನಲ್ಲಿ ಬೆಳೆದು, ಬ್ಯಾಸ್ಕೆಟ್‌ಬಾಲ್ ಬಲದಿಂದ ಸಿರಕ್ಯೂಸ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಫುಟ್‌ಬಾಲ್ ತಂಡದಲ್ಲೂ ಚೆಂಡು ಎಸೆಯೋ ಮುಖ್ಯ ಆಟಗಾರನಾದ. ಆಗ ಆ ಜಾಗಕ್ಕೆ ಹಾಫ್‌ಬ್ಯಾಕ್ ಅಂತಿದ್ರು, ಕೆಲಸ ಮಾತ್ರ ಇವತ್ತಿನ ಕ್ವಾರ್ಟರ್‌ಬ್ಯಾಕ್‌ದೇ. ಹೆಸರು ನೋಡಿ ಪತ್ರಿಕೆಗಳು ಅವನನ್ನ ‘ಹಿಂದೂ’ ಅಂತ ಬರೆದವು. ಅಂದ್ರೆ ಇಂಡಿಯಾದವನು ಅಂತ. ಯಾರ ತಕರಾರೂ ಇರಲಿಲ್ಲ.

ಅಕ್ಟೋಬರ್‌ನಲ್ಲಿ ಮೇರಿಲ್ಯಾಂಡ್ ವಿರುದ್ಧ ಬಾಲ್ಟಿಮೋರ್‌ನಲ್ಲಿ ಪಂದ್ಯ. ಸ್ಯಾಮ್ ಲೇಸಿ ಅನ್ನೋ ಕಪ್ಪು ಪತ್ರಕರ್ತರು ಇವನು ಹಿಂದೂ ಅಲ್ಲ, ಕಪ್ಪು ಜನಾಂಗದವನು ಅಂತ ‘ವಾಷಿಂಗ್ಟನ್ ಟ್ರಿಬ್ಯೂನ್’ನಲ್ಲಿ ಬರೆದರು. ಅವನಿದ್ದರೆ ನಾವು ಆಡಲ್ಲ ಅಂತು ಮೇರಿಲ್ಯಾಂಡ್. ಸಿರಕ್ಯೂಸ್ ತಲೆಯಾಡಿಸಿ ಅವನನ್ನ ಬೆಂಚಿನ ಮೇಲೆ ಕೂರಿಸ್ತು. 13–0 ಅಂತರದಲ್ಲಿ ಸೋತಿತು. ಹಿಂದಿನ ದಿನಕ್ಕೂ ಆ ದಿನಕ್ಕೂ ಅವನ ತೋಳಿನ ಶಕ್ತಿ ಒಂಚೂರೂ ಕಡಿಮೆ ಆಗಿರಲಿಲ್ಲ.

ಲೇಸಿ ಮಾಡಿದ್ದು ಸರಿನಾ? ಈ ಪ್ರಶ್ನೆ ನನ್ನನ್ನ ತುಂಬಾ ಕಾಡುತ್ತೆ. ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳುವಾಗ ಊರು ಹೇಳಿ, ಕೇರಿ ಹೇಳದೆ ಸುಮ್ಮನಾದವನು ನಾನು. ಮುಚ್ಚಿಟ್ಟುಕೊಂಡು ಬದುಕೋರ ನೋವು ಗೊತ್ತು. ಆದರೂ ಲೇಸಿ ಮೇಲೆ ನನಗೆ ಸಿಟ್ಟಿಲ್ಲ. ಅವನ ಆಟದ ಕೀರ್ತಿ ಅವನ ಜನಕ್ಕೆ ಸೇರಬೇಕಿತ್ತು. ಬೆಂಚಿಗೆ ಕಳಿಸಿದ್ದು ಆ ವರದಿ ಅಲ್ಲ, ಬಣ್ಣ ನೋಡಿ ಆಡಲ್ಲ ಅಂದವರು ಮತ್ತು ಅದಕ್ಕೆ ಹೂಂಗುಟ್ಟಿದವರು.

ನಮ್ಮಲ್ಲೂ ಇದೇ ಕಥೆ. ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಾಲವಣಕರ್ ಬಾಲೂ ಹಿಂದೂ ತಂಡಕ್ಕೆ ವಿಕೆಟ್ ತಂದುಕೊಟ್ಟರು. ನಾಯಕನ ಪಟ್ಟ ಮಾತ್ರ ಕೊಡಲಿಲ್ಲ. ಅದು 1923ರಲ್ಲಿ ತಮ್ಮ ವಿಠ್ಠಲ್‌ಗೆ ಸಿಕ್ಕಿತು. ವಿಕೆಟ್ ಬೇಕು, ನೀವು ನಡೆಸೋದು ಬೇಡ. ಇದೇ ಇವರ ಮೆರಿಟ್ಟು!

1938ರಲ್ಲಿ ಮೇರಿಲ್ಯಾಂಡ್ ಸಿರಕ್ಯೂಸ್‌ಗೆ ಬಂತು. ಈ ಸಲ ವಿಲ್ಮೆತ್ ಆಡಿದ. 53–0. ಆದ್ರೆ ಓದು ಮುಗಿದ ಮೇಲೆ ವೃತ್ತಿಪರ ಫುಟ್‌ಬಾಲ್ ಲೀಗ್ ಕಪ್ಪು ಆಟಗಾರರಿಗೆ ಬಾಗಿಲು ಮುಚ್ಚಿಕೊಂಡಿತ್ತು. ಮುಂದೆ ಟಸ್ಕೀಗಿ ಪೈಲಟ್‌ಗಳ ಜೊತೆ ಸೇರಿದ. 1943ರಲ್ಲಿ ತರಬೇತಿ ಹಾರಾಟದ ವೇಳೆ ಹ್ಯೂರಾನ್ ಸರೋವರದಲ್ಲಿ ಜೀವ ಹೋಯ್ತು. ಮೇರಿಲ್ಯಾಂಡ್ ಅವನ ಬಂಧುಗಳ ಕ್ಷಮೆ ಕೇಳಿದ್ದು 2013ರಲ್ಲಿ. ಅಷ್ಟೊತ್ತಿಗೆ ಅವನು ಸತ್ತು 70 ವರ್ಷ ಆಗಿತ್ತು.

ಇನ್ನು ಯಾರಾದ್ರೂ ಮೆರಿಟ್ ಅಂದ್ರೆ ಆ ಬೆಂಚು ನೆನಪಿಸಿ.

ಜೈ ಭೀಮ್.