ಕ್ಲೌಡ್ ಸೇವೆಗಳ ಮಾಹಿತಿ ಸುರಕ್ಷತಾ ಪ್ರಮಾಣಪತ್ರಗಳು: ಅರ್ಜಿದಾರರ ತಿಳುವಳಿಕೆಗಾಗಿ

ಪೀಠಿಕೆ

ನಾಗರಿಕರು ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಿದಾಗ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ಪಡಿತರ ಚೀಟಿ, ವೈದ್ಯಕೀಯ ದಾಖಲೆ ಮುಂತಾದವು ಅರ್ಜಿಯೊಂದಿಗೆ ಗಣಕ ವ್ಯವಸ್ಥೆಯನ್ನು ಸೇರುತ್ತವೆ. ಅನೇಕ ಸಂದರ್ಭಗಳಲ್ಲಿ ಈ ದಾಖಲೆಗಳು ಇಲಾಖೆಯ ಕಟ್ಟಡದಲ್ಲಿರದೆ, ಅಂತರಜಾಲದ ಮೂಲಕ ಬಾಡಿಗೆಗೆ ಪಡೆದ ದತ್ತಾಂಶ ಕೇಂದ್ರದ ಗಣಕಯಂತ್ರಗಳಲ್ಲಿರುತ್ತವೆ. ಈ ವ್ಯವಸ್ಥೆಗೆ ಕ್ಲೌಡ್ ಎಂದು ಹೆಸರು. ಸೋರಿಹೋದ ಪಾಸ್‌ವರ್ಡನ್ನು ಬದಲಾಯಿಸಬಹುದು. ಜನ್ಮ ದಿನಾಂಕವನ್ನಾಗಲಿ ಬೆರಳಚ್ಚನ್ನಾಗಲಿ ಬದಲಾಯಿಸಲಾಗದು. ಆದುದರಿಂದ ಜಾಲತಾಣಗಳಲ್ಲಿ ಕಾಣುವ ಸುರಕ್ಷತಾ ಪ್ರಮಾಣಪತ್ರಗಳ ಅರ್ಥವನ್ನು ಅರ್ಜಿದಾರರು ತಿಳಿದಿರುವುದು ಸೂಕ್ತ.

ಪ್ರಮಾಣಪತ್ರದ ಸ್ವರೂಪ

ಸುರಕ್ಷತಾ ಪ್ರಮಾಣಪತ್ರವು ಸಂಸ್ಥೆಯು ತನಗೆ ತಾನೇ ನೀಡಿಕೊಳ್ಳುವ ಹೇಳಿಕೆಯಲ್ಲ. ನಿಗದಿತ ಮಾನದಂಡದಂತೆ ಕಾರ್ಯ ನಡೆಯುತ್ತಿದೆಯೇ ಎಂಬುದನ್ನು ಸ್ವತಂತ್ರ ಲೆಕ್ಕಪರಿಶೋಧಕರು ಪರೀಕ್ಷಿಸಿ ನೀಡುವ ದೃಢೀಕರಣವಾಗಿರುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಇರುವಂತೆ ಇದಕ್ಕೂ ನೀಡಿದ ಪ್ರಾಧಿಕಾರ, ಉದ್ದೇಶ ಮತ್ತು ಅವಧಿ ಎಂಬ ಮಿತಿಗಳಿರುತ್ತವೆ.

ಪ್ರಮುಖ ಪ್ರಮಾಣಪತ್ರಗಳು

1. ಐಎಸ್‌ಒ/ಐಇಸಿ 27001: ಮಾಹಿತಿ ಸುರಕ್ಷತಾ ನಿರ್ವಹಣೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನದಂಡ. 2005ರಲ್ಲಿ ಮೊದಲು ಪ್ರಕಟವಾಗಿ, 2013 ಮತ್ತು 2022ರಲ್ಲಿ ಪರಿಷ್ಕೃತಗೊಂಡಿದೆ. 2022ರ ಆವೃತ್ತಿಯ ಅನುಬಂಧದಲ್ಲಿ 93 ನಿಯಂತ್ರಣ ಕ್ರಮಗಳಿವೆ. ಪ್ರಮಾಣಪತ್ರದ ಅವಧಿ ಸಾಮಾನ್ಯವಾಗಿ 3 ವರ್ಷ. ನಡುವೆ ಪ್ರತಿ ವರ್ಷ ಪರಿಶೀಲನೆ ನಡೆಯುತ್ತದೆ. 2013ರ ಆವೃತ್ತಿಯ ಪ್ರಮಾಣಪತ್ರಗಳ ಮಾನ್ಯತೆ 2025ರ ಅಕ್ಟೋಬರ್ 31ಕ್ಕೆ ಮುಕ್ತಾಯಗೊಂಡಿದೆ.

2. ಐಎಸ್‌ಒ/ಐಇಸಿ 27017 ಮತ್ತು 27018: ಮೊದಲನೆಯದು ಕ್ಲೌಡ್ ಸೇವೆಗಳ ಸುರಕ್ಷತೆಗೆ, ಎರಡನೆಯದು ಸಾರ್ವಜನಿಕ ಕ್ಲೌಡ್‌ನಲ್ಲಿರುವ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಸಂಬಂಧಿಸಿದ ಮಾರ್ಗಸೂಚಿಗಳು.

3. ಎಸ್‌ಒಸಿ 2: ಅಮೆರಿಕದ ಲೆಕ್ಕಪರಿಶೋಧಕರ ಸಂಸ್ಥೆಯು ರೂಪಿಸಿದ ಕ್ರಮ. ಇದು ಪ್ರಮಾಣಪತ್ರವಲ್ಲ, ಪರಿಶೋಧನಾ ವರದಿ. ಒಂದನೇ ಬಗೆಯ ವರದಿಯು ನಿರ್ದಿಷ್ಟ ದಿನಾಂಕದಂದು ಇದ್ದ ವ್ಯವಸ್ಥೆಯ ವಿನ್ಯಾಸವನ್ನು ತಿಳಿಸುತ್ತದೆ. ಎರಡನೇ ಬಗೆಯದು ಕೆಲವು ತಿಂಗಳ ಅವಧಿಯಲ್ಲಿ ಅದು ವಾಸ್ತವವಾಗಿ ಪಾಲನೆಯಾಯಿತೇ ಎಂಬುದನ್ನೂ ತಿಳಿಸುತ್ತದೆ.

4. ಕೇಂದ್ರ ಸರ್ಕಾರದ ಮಾನ್ಯತಾ ಪಟ್ಟಿ: 'ಮೇಘರಾಜ್' ಯೋಜನೆಯಡಿ ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ಸರ್ಕಾರಿ ಬಳಕೆಗಾಗಿ ಕ್ಲೌಡ್ ಸಂಸ್ಥೆಗಳನ್ನು ಪಟ್ಟಿಗೆ ಸೇರಿಸುತ್ತದೆ. ಸದರಿ ಸಂಸ್ಥೆಗಳು ಎಸ್‌ಟಿಕ್ಯೂಸಿ ನಿರ್ದೇಶನಾಲಯದ ಪರಿಶೋಧನೆಗೆ ಒಳಪಡಬೇಕು. ದತ್ತಾಂಶವು ಭಾರತದೊಳಗೇ ಇರಬೇಕು.

ಪರಿಶೀಲಿಸಬೇಕಾದ ಅಂಶಗಳು

ಅ) ವ್ಯಾಪ್ತಿ: ಯಾವ ಸೇವೆ, ಯಾವ ಸ್ಥಳ ಪ್ರಮಾಣಪತ್ರಕ್ಕೆ ಒಳಪಟ್ಟಿದೆ? ಸಂಸ್ಥೆಯ ಕೇಂದ್ರ ಕಚೇರಿಗೆ ಮಾತ್ರ ನೀಡಿದ ಪ್ರಮಾಣಪತ್ರವು ಅದರ ದತ್ತಾಂಶ ಕೇಂದ್ರಕ್ಕೆ ಅನ್ವಯಿಸುವುದಿಲ್ಲ.
ಆ) ಅವಧಿ: ಮುಕ್ತಾಯದ ದಿನಾಂಕ ಮೀರಿದೆಯೇ?
ಇ) ನೀಡಿದವರು: ಐಎಸ್‌ಒ ಸಂಸ್ಥೆಯು ತಾನೇ ಪ್ರಮಾಣಪತ್ರ ನೀಡುವುದಿಲ್ಲ. ನೀಡುವ ಸಂಸ್ಥೆಗಳಿಗೆ ಭಾರತದಲ್ಲಿ ಎನ್‌ಎಬಿಸಿಬಿ ಮಂಡಳಿಯು ಮಾನ್ಯತೆ ಕೊಡುತ್ತದೆ. ಪ್ರಮಾಣಪತ್ರದ ಸಂಖ್ಯೆಯನ್ನು ನೀಡಿದ ಸಂಸ್ಥೆಯಲ್ಲಿಯೇ ತಾಳೆ ನೋಡಬಹುದು.

ಪ್ರಮಾಣಪತ್ರದ ಮಿತಿ

ಕ್ಲೌಡ್ ಸಂಸ್ಥೆಯ ಪ್ರಮಾಣಪತ್ರವು ಆ ಕ್ಲೌಡ್ ಮೇಲೆ ಇತರರು ನಿರ್ಮಿಸಿದ ಜಾಲತಾಣಕ್ಕೆ ತಾನಾಗಿಯೇ ಅನ್ವಯಿಸುವುದಿಲ್ಲ. ಕಟ್ಟಡದ ಭದ್ರತೆ ಮಾಲೀಕನದಾದರೂ ಮನೆಯ ಬಾಗಿಲಿಗೆ ಬೀಗ ಹಾಕುವ ಹೊಣೆ ಬಾಡಿಗೆದಾರನದೇ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಪ್ರಕರಣವು ಇದಕ್ಕೆ ನಿದರ್ಶನ. ಬ್ಯಾಂಕು ಬಳಸುತ್ತಿದ್ದ ಅಮೆಜಾನ್ ಕ್ಲೌಡ್ ಐಎಸ್‌ಒ 27001 ಪ್ರಮಾಣಪತ್ರವನ್ನು ಹೊಂದಿತ್ತು. ಆದರೆ ಬ್ಯಾಂಕಿನ ರಕ್ಷಣಾ ತಂತ್ರಾಂಶದ ಜೋಡಣೆಯಲ್ಲಿ ಉಳಿದ ಲೋಪದ ಮೂಲಕ ಅಮೆರಿಕದ ಸುಮಾರು 10 ಕೋಟಿ ಮತ್ತು ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಅನ್ಯರ ಕೈಸೇರಿತು. 2020ರಲ್ಲಿ ಬ್ಯಾಂಕಿಗೆ 8 ಕೋಟಿ ಡಾಲರ್ ದಂಡ ವಿಧಿಸಲಾಯಿತು. ದಂಡ ತೆತ್ತದ್ದು ಕ್ಲೌಡ್ ಸಂಸ್ಥೆಯಲ್ಲ, ಜನರಿಂದ ಮಾಹಿತಿ ಪಡೆದ ಬ್ಯಾಂಕು.

ಕಾನೂನಿನ ಹೊಣೆ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರಲ್ಲಿಯೂ ಇದೇ ತತ್ವವಿದೆ. ದತ್ತಾಂಶದ ನಿರ್ವಹಣೆಯನ್ನು ಬೇರೊಬ್ಬರಿಗೆ ವಹಿಸಿದರೂ ಮೂಲ ಸಂಸ್ಥೆಯ ಹೊಣೆ ತಪ್ಪುವುದಿಲ್ಲ. ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದಿದ್ದಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಪ್ರಮುಖ ಉಪಬಂಧಗಳ ಜಾರಿಗೆ ಅಂದಿನಿಂದ 18 ತಿಂಗಳ ಕಾಲಾವಕಾಶ ನಿಗದಿಯಾಗಿದೆ. ಇದಲ್ಲದೆ, ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಂತೆ, ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡತಕ್ಕದ್ದು.

ನಾಗರಿಕರಿಗೆ ಇರುವ ಅವಕಾಶಗಳು

1. ಸೇವೆಗೆ ಅಗತ್ಯವೆಂದು ಸೂಚಿಸಿದ ದಾಖಲೆಗಳನ್ನು ಮಾತ್ರ ಸಲ್ಲಿಸುವುದು.
2. ತಮ್ಮ ದಾಖಲೆಗಳನ್ನು ಇರಿಸಿರುವ ಕ್ಲೌಡ್ ಮಾನ್ಯತಾ ಪಟ್ಟಿಯಲ್ಲಿದೆಯೇ, ಜಾಲತಾಣದ ಸುರಕ್ಷತಾ ಪರಿಶೋಧನೆ ಕೊನೆಯ ಬಾರಿಗೆ ಎಂದು ನಡೆಯಿತು ಎಂಬ ಮಾಹಿತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು. ಉತ್ತರ ನೀಡಲು 30 ದಿನಗಳ ಕಾಲಮಿತಿ ಇರುತ್ತದೆ. ಸುರಕ್ಷತೆಗೆ ಧಕ್ಕೆ ತರಬಹುದಾದ ತಾಂತ್ರಿಕ ವಿವರಗಳಿಗೆ ವಿನಾಯಿತಿ ಅನ್ವಯಿಸಬಹುದು.
3. ಮಾಹಿತಿ ದುರುಪಯೋಗದಿಂದ ಹಣ ನಷ್ಟವಾದಲ್ಲಿ ವಿಳಂಬವಿಲ್ಲದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡುವುದು.