ಒಂದೇ ಕಲ್ಲು, ಬೇರೆ ಬೇರೆ ಸಂಖ್ಯೆ: ಚನ್ನರಾಯಪಟ್ಟಣ ಸೀಮೆಯ ಶಾಸನಗಳು ಮತ್ತು ಉಲ್ಲೇಖ ಪದ್ಧತಿಯ ಚರಿತ್ರೆ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ಮಲ್ಲಿಷೇಣ ಪ್ರಶಸ್ತಿ ಎಂದು ಹೆಸರಾದ ಶಾಸನದ ಕಂಬವಿದೆ. ಶಕವರ್ಷ 1050ರಲ್ಲಿ, ಎಂದರೆ ಕ್ರಿ.ಶ. 1129ರಲ್ಲಿ, ಸಲ್ಲೇಖನದಿಂದ ಮುಡಿಪಿದ ಮಲ್ಲಿಷೇಣ ಮಲಧಾರಿದೇವನ ನೆನಪಿಗೆ ನಿಲ್ಲಿಸಿದ್ದು ಅದು. ಬರೆದವನು ಮಲ್ಲಿನಾಥ, ಕಂಡರಿಸಿದವನು ಗಂಗಾಚಾರಿ. ಗುರುಪರಂಪರೆಯನ್ನು ಹೇಳುತ್ತ ಹೋಗುವ ಈ ಶಾಸನ ಹಳಬರ ಮಾತುಗಳನ್ನು ತನ್ನವೆಂಬಂತೆ ಬಳಸುವುದಿಲ್ಲ. ಸಮಂತಭದ್ರನ ಮಾತು ಸಮಂತಭದ್ರನದೆಂದೇ ಬರುತ್ತದೆ. ರಾಜ ಸಾಹಸತುಂಗನ ಮುಂದೆ ಅಕಲಂಕ ಆಡಿದ್ದು ಅಕಲಂಕನದೆಂದೇ ಬರುತ್ತದೆ. ಚೂಡಾಮಣಿ ಎಂಬ ಕಾವ್ಯವನ್ನು ರಚಿಸಿದ ಶ್ರೀವರ್ಧದೇವನನ್ನು ಹೊಗಳುವ ಪದ್ಯಕ್ಕೆ ಕರ್ತೃವಾಗಿ ದಂಡಿಯ ಹೆಸರಿದೆ. ಹೇಳಿದವನು ಯಾರು, ಯಾರನ್ನು ಕುರಿತು ಹೇಳಿದ ಎಂಬೆರಡೂ ಸಿಗುತ್ತವೆ. ಯಾವ ಗ್ರಂಥದಲ್ಲಿ ಎಂಬುದೊಂದು ಸಿಗುವುದಿಲ್ಲ, ಅಷ್ಟೆ.

ಆ ಒಂದು ಕೊರತೆಯಿಂದ ಎಂಥ ತೊಡಕಾಯಿತೆಂಬುದು ಸಾಹಿತ್ಯ ಚರಿತ್ರೆ ಓದಿದವರಿಗೆ ಗೊತ್ತು. 1604ರ ಕರ್ನಾಟಕ ಶಬ್ದಾನುಶಾಸನದಲ್ಲಿ ಭಟ್ಟಾಕಲಂಕನೂ ಒಂದು ಚೂಡಾಮಣಿಯನ್ನು ಹೆಸರಿಸುತ್ತಾನೆ. ಅದು 96,000 ಗ್ರಂಥ ಪ್ರಮಾಣದ ಕನ್ನಡ ವ್ಯಾಖ್ಯಾನ. ಹೆಸರು ಒಂದೇ ಆದುದರಿಂದ ಎರಡೂ ಒಂದೇ ಕೃತಿಯೆಂದು ಬಗೆದವರಿದ್ದಾರೆ. ಕಾವ್ಯಕ್ಕೂ ವ್ಯಾಖ್ಯಾನಕ್ಕೂ ಇರುವ ಅಂತರವನ್ನು ಎತ್ತಿ ತೋರಿಸಿ ಈ ಗಂಟನ್ನು ಬಿಡಿಸಬೇಕಾಯಿತು. ಬರಿಯ ಹೆಸರು ಕೊಟ್ಟರೆ ಆಕರ ಕೊಟ್ಟಂತಾಗದು ಎಂಬುದಕ್ಕೆ ಇದಕ್ಕಿಂತ ಹಳೆಯ ಪಾಠ ನಮ್ಮಲ್ಲಿ ನನಗೆ ಕಂಡಿಲ್ಲ.

ಇನ್ನು ಈ ಕಂಬವನ್ನೇ ನಾವು ಉಲ್ಲೇಖಿಸುವ ಬಗೆ. ಬಿ.ಎಲ್. ರೈಸ್ 1889ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಎರಡನೆಯ ಸಂಪುಟವಾಗಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಅದರಲ್ಲಿ ಮಲ್ಲಿಷೇಣ ಪ್ರಶಸ್ತಿಯ ಸಂಖ್ಯೆ 54. ಆರ್. ನರಸಿಂಹಾಚಾರ್ಯರು ಮತ್ತೆ ಬೆಟ್ಟ ಹತ್ತಿ, ಬಂಡೆ ಬಂಡೆಯನ್ನೂ ನೋಡಿ, 1923ರ ಪರಿಷ್ಕರಣದಲ್ಲಿ ಶಾಸನಗಳನ್ನು 500ಕ್ಕೆ ಏರಿಸಿದರು. ಅಲ್ಲಿ ಇದು 67. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದ ಪರಿಷ್ಕರಣದಲ್ಲಿ ಶಾಸನಗಳು 573 ಆದವು, ಸಂಖ್ಯೆಗಳು ಇನ್ನೊಮ್ಮೆ ಕದಲಿದವು. ಭದ್ರಬಾಹು-ಪ್ರಭಾಚಂದ್ರರ ವಿಚಾರ ಬರುವ ಮೊದಲ ಶಾಸನವೊಂದು ಮಾತ್ರ ಮೂರರಲ್ಲೂ ಒಂದನೆಯ ಸಂಖ್ಯೆಯನ್ನು ಬಿಟ್ಟುಕೊಟ್ಟಿಲ್ಲ.

ನರಸಿಂಹಾಚಾರ್ಯರು ಹೊಸ ಸಂಖ್ಯೆಯ ಮಗ್ಗುಲಿಗೆ ಹಳೆಯದನ್ನು ಕಂಸದಲ್ಲಿಟ್ಟರು: 67 (54). ಇದು ಶಿಸ್ತಿನ ಕೆಲಸ. ಆದರೆ 1928ರಲ್ಲಿ ಹೀರಾಲಾಲ್ ಜೈನರು ನಾಗರಿ ಲಿಪಿಯಲ್ಲಿ ಜೈನ ಶಿಲಾಲೇಖ ಸಂಗ್ರಹದ ಮೊದಲ ಭಾಗವನ್ನು ಹೊರತಂದಾಗ ರೈಸರ ಸಂಖ್ಯೆಯನ್ನು ಮುಂದಿಟ್ಟು ನರಸಿಂಹಾಚಾರ್ಯರದನ್ನು ಕಂಸದೊಳಕ್ಕೆ ಸರಿಸಿದರು: 54 (67). ಎರಡೂ ಸರಿ. ಆದರೆ ಒಬ್ಬ ವಿದ್ಯಾರ್ಥಿ ಹಿಂದಿಯ ಲೇಖನದಿಂದ '54' ಎಂದಷ್ಟೇ ಎತ್ತಿಕೊಂಡು 1923ರ ಸಂಪುಟ ತೆರೆದರೆ ಅವನ ಕೈಗೆ ಬರುವುದು ಬೇರೆಯೇ ಶಾಸನ. ಇಂಥ ತಪ್ಪಿಗೆ ಎಷ್ಟು ಪಿಎಚ್.ಡಿ. ಪ್ರಬಂಧಗಳು ಬಲಿಯಾಗಿವೆಯೋ ಎಣಿಸಹೋಗುವುದು ಬೇಡ.

ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ 1368ರ ಶಾಸನದ ಕಥೆಯೂ ಇದೇ. ರೈಸರಲ್ಲಿ 136, ನರಸಿಂಹಾಚಾರ್ಯರಲ್ಲಿ 344. ಸಾಲದ್ದಕ್ಕೆ ಅದೇ ರಾಜಿಯ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. ಅದನ್ನು ಒಂಬತ್ತನೆಯ ಸಂಪುಟದ 'ಮಾಗಡಿ 18' ಎಂದು ಉಲ್ಲೇಖಿಸುತ್ತಾರೆ. ಎರಡು ಕಲ್ಲನ್ನೂ ನೋಡದೆ ಬರೆಯುವವರು ಇವನ್ನು ಬೇರೆ ಬೇರೆ ಘಟನೆಗಳೆಂದು ಎಣಿಸಿಬಿಡುವ ಅಪಾಯವಿದೆ.

ಹಾಗೆಂದು ರೈಸರ ಪದ್ಧತಿ ಕೆಟ್ಟದ್ದೆನ್ನಲಾಗದು. ನನ್ನ ಮಟ್ಟಿಗೆ ಕರ್ನಾಟಕದ ವಿದ್ವತ್ತಿಗೆ ಸಿಕ್ಕ ಅತ್ಯುತ್ತಮ ಉಲ್ಲೇಖ ಕ್ರಮ ಅದು. ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಅವರು ಜಿಲ್ಲೆ, ತಾಲ್ಲೂಕು, ಸಂಖ್ಯೆ ಎಂಬ ಮೂರೇ ಮೆಟ್ಟಿಲಲ್ಲಿ ಜೋಡಿಸಿದರು. 1902ರಲ್ಲಿ ಬಂದ ಐದನೆಯ ಸಂಪುಟ ಹಾಸನ ಜಿಲ್ಲೆಯದು. ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರಗಳು ಅಲ್ಲಿ ತಲಾ ಒಂದೆರಡು ರೋಮನ್ ಅಕ್ಷರಗಳಾಗಿ ಕುಗ್ಗಿ ಅಡಿಟಿಪ್ಪಣಿಗಳನ್ನು ಸೇರಿದವು. ಪುಟಸಂಖ್ಯೆ ಪುಸ್ತಕವನ್ನು ತೋರಿಸುತ್ತದೆ. ತಾಲ್ಲೂಕಿನ ಸಂಖ್ಯೆ ಕಲ್ಲು ನಿಂತ ನೆಲವನ್ನೇ ತೋರಿಸುತ್ತದೆ. ಬಳಸುವವನಿಗೆ ಮಾತ್ರ ಸ್ವಲ್ಪ ಸ್ಥಳಜ್ಞಾನ ಬೇಕು. ಹಳೆಯ ಉಲ್ಲೇಖಗಳಲ್ಲಿ ಬರುವ ಮಂಜರಾಬಾದು ಇಂದಿನ ಸಕಲೇಶಪುರ. ಶ್ರವಣಬೆಳಗೊಳ ಇರುವುದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ. ಆದರೂ ಅಲ್ಲಿನ ಶಾಸನರಾಶಿಯನ್ನು ಐದನೆಯ ಸಂಪುಟದಲ್ಲಿ ಹುಡುಕಿದರೆ ಫಲವಿಲ್ಲ, ಎರಡಕ್ಕೇ ಹೋಗಬೇಕು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ರೈಸರ ಸಂಪುಟದಲ್ಲಿ ಇಲ್ಲವೇ ಇಲ್ಲ. ಅದು ಬೆಳಕಿಗೆ ಬಂದದ್ದು ಎಂ.ಎಚ್. ಕೃಷ್ಣರ ಕಾಲದಲ್ಲಿ, ಮೈಸೂರು ಪುರಾತತ್ವ ಇಲಾಖೆಯ 1936ರ ವಾರ್ಷಿಕ ವರದಿಯ ಮೂಲಕ. ಈ ವರದಿಗಳಲ್ಲಿ ವರದಿಯ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ ಆಗಿರುವುದು ಸಾಮಾನ್ಯ. ಉಲ್ಲೇಖದಲ್ಲಿ ಬರಬೇಕಾದದ್ದು ವರದಿಯ ವರ್ಷ.

ಕಲ್ಲಿನ ಸಂಖ್ಯೆಯಂತೆಯೇ ಲೇಖಕನ ಹೆಸರೂ ಉಲ್ಲೇಖದಲ್ಲಿ ತೊಡಕಾಗುತ್ತದೆ. ರೈಸರ ಎರಡನೆಯ ಸಂಪುಟಕ್ಕೆ ಎಂಟು ವರ್ಷ ಮೊದಲು, 1881ರಲ್ಲಿ, ಹಾರ್ವರ್ಡಿನ ಪ್ರಾಣಿವಿಜ್ಞಾನಿ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆಯನ್ನು ಕುರಿತ ಪ್ರಬಂಧದಲ್ಲಿ ಲೇಖಕನ ಹೆಸರನ್ನೂ ಇಸವಿಯನ್ನೂ ಕಂಸದಲ್ಲಿ ಕೊಟ್ಟ. ಇಂದು ಹಾರ್ವರ್ಡ್ ಶೈಲಿ ಎನ್ನುವುದರ ಮೂಲವನ್ನು ಅಲ್ಲಿ ಗುರುತಿಸುತ್ತಾರೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ವ್ಯಾಂಕೋವರಿನಲ್ಲಿ ಕೂಡಿ ರೂಪಿಸಿದ್ದು ಸಂಖ್ಯಾಶೈಲಿ. ಎರಡರ ಆಕರಪಟ್ಟಿಯಲ್ಲೂ ಮೊದಲು ಬರುವುದು ಮನೆತನದ ಹೆಸರು. ನಮ್ಮ ಸೀಮೆಯ ಹೆಸರುಗಳು ಎಡವುವುದು ಇಲ್ಲಿಯೇ, ಏಕೆಂದರೆ ನಮ್ಮಲ್ಲಿ ಹೆಸರಿನ ಮುಂದೆ ನಿಲ್ಲುವುದು ಬಹುಮಟ್ಟಿಗೆ ಊರು, ಆಮೇಲೆ ತಂದೆ. ಅ.ನ.ಕೃ. ಎಂದರೆ ಅರಕಲಗೂಡು ನರಸಿಂಗರಾವ್ ಕೃಷ್ಣರಾವ್. ಅವರನ್ನು ಕೊನೆಯ 'ರಾವ್' ಕೆಳಗೆ ಹಾಕಿದರೆ ಯಾವ ಕನ್ನಡ ಓದುಗನೂ ಅಲ್ಲಿ ಹುಡುಕಲಾರ.

ವಿಜ್ಞಾನದಲ್ಲಿ ಇದರ ಪರಿಣಾಮ ಹೆಚ್ಚು. ದೆಹಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಎಚ್.ವೈ. ಮೋಹನ್ ರಾಮ್ ಹುಟ್ಟಿದ್ದು 1930ರಲ್ಲಿ. ಅವರ 'ಎಚ್' ಹೊಳೆನರಸೀಪುರ. 'ವೈ' ತಂದೆ ಯೋಗಾನರಸಿಂಹಂ. 'ಮೋಹನ್ ರಾಮ್' ಎನ್ನುವುದು ಇಡಿಯಾಗಿ ಅವರ ಸ್ವಂತ ಹೆಸರು. ಹೆಣ್ಣು ಗಾಂಜಾ ಗಿಡದಲ್ಲಿ ಬೆಳ್ಳಿಯ ಲವಣಗಳಿಂದ ಗಂಡು ಹೂ ಬಿಡಿಸಬಹುದೆಂದು ತೋರಿಸಿದ ಅವರ 1982ರ ಪ್ರಬಂಧವನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಕೆಲವು ಆಕರಪಟ್ಟಿಗಳಲ್ಲಿ ಅವರು 'ಮೋಹನ್ ರಾಮ್ ಎಚ್.ವೈ.', ಇನ್ನು ಕೆಲವುಗಳಲ್ಲಿ 'ರಾಮ್ ಎಚ್.ವೈ.ಎಂ.' ಗಣಕಕ್ಕೆ ಇವರು ಇಬ್ಬರು. ಕಂಬಕ್ಕೆ 54, 67 ಎಂದು ಎರಡು ಸಂಖ್ಯೆ ಬಿದ್ದುದಕ್ಕೆ ಸಂಪಾದಕರ ಪರಿಶ್ರಮವಾದರೂ ಕಾರಣವಿತ್ತು; ಇಲ್ಲಿ ಇರುವುದು ಬರಿಯ ಅಜಾಗರೂಕತೆ.

ಹಸ್ತಪ್ರತಿ ಸಿದ್ಧಪಡಿಸುವವರಲ್ಲಿ ಒಂದು ವಿನಂತಿ. ಶಾಸನವನ್ನು ಉಲ್ಲೇಖಿಸುವಾಗ ಸಂಪುಟದ ಜೊತೆಗೆ ಪರಿಷ್ಕರಣದ ಇಸವಿ, ಹಿಂದಿನ ಸಂಖ್ಯೆ, ಕಲ್ಲಿರುವ ಊರು ಇಷ್ಟನ್ನೂ ಕೊಡಿ. ಲೇಖಕರ ಹೆಸರನ್ನು ಅವರೇ ಬರೆದುಕೊಂಡಂತೆ ಬರೆಯಿರಿ. ಒಡೆಯಬೇಕಾಗಿ ಬಂದರೆ ಊರು ಯಾವುದು, ಹೆಸರು ಯಾವುದು ಎಂದು ವಿಚಾರಿಸಿ ಒಡೆಯಿರಿ. ಪತ್ರಿಕೆಯವರು ಜಾಗವಿಲ್ಲವೆಂದರೆ ಪೀಠಿಕೆಯಲ್ಲಿ ಎರಡು ಸಾಲು ಕಡಿಮೆ ಮಾಡಿದರಾಯಿತು.